ಎಳೆಯ ತುದಿ

ಕೆಲವರಿಗೆ ಇಸ್ಪೀಟು, ಕೆಲವರಿಗೆ ಕ್ರಿಕೆಟ್ಟು. ನನ್ನ ಚಟ ಪ್ರಬಂಧಕ್ಕೆ ವಿಷಯ ಹುಡುಕುವುದು. ಬರೆಯುವವರು ಮಕ್ಕಳು, ಬಹುಮಾನ ಬಂದರೂ ಅವರಿಗೇ. ಹುಡುಕಾಟದ ರುಚಿ ಮಾತ್ರ ನನ್ನ ಪಾಲು.

ಕಳೆದ ಆಗಸ್ಟಿನಲ್ಲಿ ಪಕ್ಕದ ಮನೆಯ ಹುಡುಗಿ ನಮ್ಮ ಜಗಲಿಗೆ ಬಂದಳು. "ಮಾಮ, ಸ್ವಾತಂತ್ರ್ಯ ಹೋರಾಟದ ಮೇಲೆ ಬರೀಬೇಕು, ಐದು ಪುಟ."

"ಅದರ ಮೇಲೆ ಗಾಡಿಗಟ್ಟಲೆ ಪುಸ್ತಕ ಬಂದಿದೆಯಲ್ಲೇ, ನಿನ್ನ ಐದು ಪುಟದಲ್ಲಿ ಹೊಸದೇನಿರತ್ತೆ?"

ಮುಖ ಊದಿಸಿಕೊಂಡಳು. ಮೇಲೂರಿನ ಹುಡುಗಿಗೆ ರೇಷ್ಮೆಯ ಭಾಷೆಯಲ್ಲೇ ಹೇಳಬೇಕು. ಬೆಂದ ಗೂಡಿನ ಮೇಲಿನ ಗೋಜಲು ತೆಗೆಯದೆ ಎಳೆಯ ತುದಿ ಸಿಗುವುದಿಲ್ಲ, ತುದಿ ಸಿಗದೆ ರಾಟೆ ತಿರುಗಿಸಿ ಪ್ರಯೋಜನವಿಲ್ಲ. ಸರಿ, ಗೋಜಲು ತೆಗೆಯುತ್ತ ಹೋದೆವು. ದೇಶ ಹೋಯಿತು, ರಾಜ್ಯ ಹೋಯಿತು, ಉಳಿದದ್ದು ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥ, 1938ರ ಏಪ್ರಿಲ್ 25. "ದಕ್ಷಿಣದ ಜಲಿಯನ್‌ವಾಲಾಬಾಗ್" ಎಂದು ಬರೆದುಕೊಂಡು ಎದ್ದೇಬಿಟ್ಟಳು. ಕೂರಿಸಿದೆ. ಅದು ಬರೀ ಬಿರುದು. ಅಲ್ಲ ಅನ್ನುವವನೊಬ್ಬ ಎದುರಿಗಿಲ್ಲದೆ ವಾದ ಯಾರ ಹತ್ತಿರ ಮಾಡುವುದು?

ಆ ಎದುರಾಳಿ ಸಿಕ್ಕಿದ್ದು ಒಂದು ಅಂಕಿಯಲ್ಲಿ. ನಿಷೇಧ ಮೀರಿ ಬಾವುಟದ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಸತ್ತವರು ಸರ್ಕಾರದ ಲೆಕ್ಕದಲ್ಲಿ 10. ಜನರ ಲೆಕ್ಕ 30 ದಾಟುತ್ತದೆ. ಸರ್ಕಾರ ಕಡಿಮೆ ಎಣಿಸಿತೇ? ತುದಿ ಸಿಕ್ಕಿತು!

ಆಮೇಲಿನದು ಆಧಾರಗಳ ಬೇಟೆ, ನನಗೆ ಹಬ್ಬ. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಅಂಗೈಯಗಲ ಕತ್ತರಿಸಿ ಒಂದೊಂದಕ್ಕೆ ಒಂದೇ ಸಂಗತಿ. ಕೆಳಗೆ ಮೂರು ಪ್ರಶ್ನೆ: ಯಾರು ಹೇಳಿದ್ದು, ಯಾವಾಗ, ಹಾಗೆ ಹೇಳಿದರೆ ಅವರಿಗೇನು ಲಾಭ? ಮೂರನೆಯದರ ಮೇಲೆ ನನಗೆ ಪ್ರೀತಿ ಜಾಸ್ತಿ. ಭಾನುವಾರ ಬಸ್ಸು ಹತ್ತಿ ವಿದುರಾಶ್ವತ್ಥಕ್ಕೆ ಹೋದೆವು. ನಾಗರಕಲ್ಲುಗಳಿಗೆ ಕೈಮುಗಿದು, ವೀರಸೌಧದಲ್ಲಿ ಚಿತ್ರಗಳ ಕೆಳಗಿನ ಬರಹವನ್ನು ಅವಳು ಚೀಟಿಗಿಳಿಸಿದಳು. ಹುತಾತ್ಮರ ಸ್ಮಾರಕ ಕಟ್ಟಿದವರೂ ಒಂದು ಪಕ್ಷದವರೇ ತಾನೆ ಎಂದು ಅಲ್ಲೇ ಕೇಳಿ ನನ್ನನ್ನು ಬೆಚ್ಚಿಬೀಳಿಸಿದಳು. ಶಿಷ್ಯೆ ಪಳಗಿದ್ದಳು. ಗೋಲಿಬಾರಿನ ತನಿಖೆ ನಡೆಸಿದ ನ್ಯಾಯಮೂರ್ತಿ ವೇಪಾ ರಾಮೇಶಂ ಸಮಿತಿಯ ಚೀಟಿಯಲ್ಲಿ "ನೇಮಿಸಿದ್ದು ಮೈಸೂರು ಸರ್ಕಾರವೇ" ಎಂದು ಗೀಟು ಹಾಕಿದ್ದಳು. ಅದರ ಕೆಳಗೆ ಇನ್ನೊಂದು ಸಾಲು: "ಆದರೆ ಅಷ್ಟಕ್ಕೇ ವರದಿ ಸುಳ್ಳಾಗುವುದಿಲ್ಲ." ಆ ಸಾಲಿಗೆ ನಾನು ಹತ್ತಕ್ಕೆ ಹತ್ತು ಕೊಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೊಂದು ಪ್ರಶ್ನೆ ಹೊಳೆಯಿತು. ಅಲ್ಲಿ ಸೇರಿದ್ದವರು ಹತ್ತಾರು ಊರಿನವರು. ಗಾಯದಲ್ಲೇ ಊರಿಗೆ ಹೋಗಿ ಮನೆಯಲ್ಲಿ ಸತ್ತವರಿದ್ದರೆ ಅವರನ್ನು ಎಣಿಸಿದ್ದು ಯಾರು? ಪ್ರಬಂಧ ಅಲ್ಲಿಂದಲೇ ಶುರುವಾಯಿತು.

ಬಹುಮಾನ ಬರಲಿಲ್ಲ. ಐದು ಪುಟ ಮೀರಿತ್ತಂತೆ. ಚೀಟಿಗಳು ನನ್ನ ಹತ್ತಿರವೇ ಇವೆ, ಬೇಕಾದವರು ಜಗಲಿಗೆ ಬನ್ನಿ.