ಕಿವಿ ಎತ್ತಿ ನೋಡಿ

ಭಾನುವಾರ ಬೆಳಗ್ಗೆ ಏಳೂವರೆ. ಅರಕಲಗೂಡಿನ ಮೀನಿನಂಗಡಿ ಮುಂದೆ ನಿಂತಿದ್ದೀರಿ. ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ಕಿರ್ರೆನ್ನುತ್ತದೆ, ಪುಡಿ ಐಸು ಹಲಗೆಯ ಮೇಲೆ ಜರಜರ ಸುರಿಯುತ್ತದೆ. ಎಡಗಡೆ ಕಡಲಿನದು: ಬೂತಾಯಿ, ಬಂಗುಡೆ, ಒಂದು ಬುಟ್ಟಿ ಸಿಗಡಿ. ಬಲಗಡೆ ಗೊರೂರು ಹಿನ್ನೀರಿನದು: ಕಾಟ್ಲಾ, ರೋಹು, ಇನ್ನೂ ಬಾಲ ಬಡಿಯುತ್ತಿರುವ ಎರಡು ಜಿಲೇಬಿ.

‘ರಾತ್ರಿ ಬಂದಿರೋ ಮಾಲು ಸಾರ್, ಕಣ್ಣು ನೋಡಿ ಹೆಂಗೈತೆ!’ ಅಂಗಡಿಯವನು ಬಂಗುಡೆಯೊಂದನ್ನು ಎತ್ತಿ ಹಿಡಿಯುತ್ತಾನೆ. ಕಣ್ಣು ಉಬ್ಬಿದೆ, ಪಾಪೆ ಕಪ್ಪಗಿದೆ. ಒಳ್ಳೆಯದೇ. ಹಳೆ ಮೀನಿನ ಕಣ್ಣು ಗುಳಿಬಿದ್ದು, ಹಾಲು ಕದಡಿದಂತೆ ಮಬ್ಬಾಗಿರುತ್ತದೆ. ನೀವು ತಲೆಯಾಡಿಸುವಷ್ಟರಲ್ಲಿ ಪಕ್ಕದಲ್ಲಿ ಚೀಲ ಹಿಡಿದು ನಿಂತ ಅಜ್ಜಿ ಬಾಯಿ ಹಾಕುತ್ತಾರೆ: ‘ನೀರು ಹೊಡುದ್ರೆ ನನ್ ಕಣ್ಣೂ ಹೊಳಿತದೆ. ಕಿವಿ ಎತ್ತು.’

ಕಿವಿ ಅಂದರೆ ಕಿವಿರು. ಅಜ್ಜಿ ಕಾಯುವುದಿಲ್ಲ, ಹೆಬ್ಬೆರಳ ಉಗುರು ತೂರಿಸಿ ಮುಚ್ಚಳವನ್ನು ಹಿಂದಕ್ಕೆ ಮಡಚುತ್ತಾರೆ. ಒಳಗೆ ಬಾಚಣಿಗೆ ಹಲ್ಲಿನಂತೆ ಎಳೆ ಎಳೆಯಾಗಿ, ದಾಳಿಂಬೆ ಬಿಡಿಸಿದ ಕೆಂಪು. ಎಳೆಗಳು ಒಂದಕ್ಕೊಂದು ಅಂಟಿಲ್ಲ, ಲೋಳೆ ತಿಳಿಯಾಗಿದೆ. ಅದೇ ರಾಶಿಯ ಅಡಿಯಿಂದ ಇನ್ನೊಂದನ್ನು ಎಳೆಯುತ್ತಾರೆ. ಇದರ ಕಿವಿರು ಹಳೇ ಇಟ್ಟಿಗೆ ಬಣ್ಣ, ಲೋಳೆ ಗಂಜಿಯಂತೆ ಗಟ್ಟಿ. ಮೇಲೆ ಹೊಸದು, ಅಡಿಯಲ್ಲಿ ನಿನ್ನೆಯದು. ಅಜ್ಜಿ ಅದನ್ನು ಮಾತಿಲ್ಲದೆ ಅಂಗಡಿಯವನ ಮುಂದೆ ಇಡುತ್ತಾರೆ. ಅವನು ನಗುತ್ತಾನೆ.

ಈ ಬಂಗುಡೆ ಮಂಗಳೂರಿನ ದಕ್ಕೆಯಿಂದ ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ ದಾಟಿ ಸುಮಾರು 200 ಕಿಲೋಮೀಟರ್ ಬಂದಿದೆ. ಕಿಲೋ ಮೀನಿಗೆ ಕಿಲೋ ಐಸು ಅನ್ನುವುದು ನಮ್ಮಂಥ ಬಿಸಿಲ ಸೀಮೆಯ ಲೆಕ್ಕ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ಲಾರಿ ನಿಂತರೆ ಐಸು ಕರಗುತ್ತದೆ, ಲೆಕ್ಕ ತಪ್ಪುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನಗಳಲ್ಲಿ ರಾಶಿಗಟ್ಟಲೆ ‘ಮಂಗಳೂರು ಫ್ರೆಶ್’ ಕಂಡರೆ, ಅದು ಎಲ್ಲಿಂದ ಬಂತು ಅಂತ ಒಂದು ಮಾತು ಕೇಳಿ.

ಈಗ ಬೆರಳಿನ ಸರದಿ. ಬೆನ್ನ ಮೇಲೆ ಒತ್ತಿ ಬಿಡಿ. ತಾಜಾ ಮಾಂಸ ಪುಟಿದು ಮೇಲೇಳುತ್ತದೆ. ಬೆರಳಿನ ಗುಳಿ ಹಾಗೇ ಉಳಿದರೆ ಬೇಡ. ಬೂತಾಯಿಗೆ ಹೊಟ್ಟೆ ನೋಡಿ. ಅದರ ಕರುಳಿನ ರಸವೇ ಸತ್ತ ಮೇಲೆ ಹೊಟ್ಟೆಯನ್ನು ಕರಗಿಸುವುದರಿಂದ ಅಲ್ಲೇ ಮೊದಲು ಒಡೆಯುತ್ತದೆ. ಸಿಗಡಿಯ ತಲೆ ಮೈಗೆ ಬಿಗಿಯಾಗಿರಬೇಕು. ತಲೆ ಜೋತು, ಚಿಪ್ಪಿನ ಮೇಲೆ ಕಪ್ಪು ಕಲೆ ಎದ್ದಿದ್ದರೆ ಹಳತು. ಕಡೆಗೆ ಮೂಗು: ಹೊಸ ಕಡಲ ಮೀನಿಗೆ ಉಪ್ಪುನೀರಿನ ತೆಳು ವಾಸನೆ ಅಷ್ಟೇ. ಮೂಗಿಗೆ ಹೊಡೆಯುವ ನಾತ ಕೊಳೆಯುವಿಕೆಯ ಶುರು. ಹಿನ್ನೀರಿನ ಕಾಟ್ಲಾಕ್ಕೆ ಒಂದಿಷ್ಟು ಕೆಸರ ವಾಸನೆ ಇದ್ದರೆ ಗಾಬರಿ ಬೇಡ, ಅದು ನೀರಿನ ಗುಣ.

‘ಹುಣಸೆಹುಳಿ ಹಾಕಿ ಚೆನ್ನಾಗಿ ಕುದಿಸಿದ್ರೆ ಎಲ್ಲಾ ಹೋಯ್ತದೆ’ ಅನ್ನುತ್ತಾನೆ ಅಂಗಡಿಯವನು. ಹೋಗುವುದಿಲ್ಲ. ಬಂಗುಡೆ, ಬೂತಾಯಿಯಂಥ ಮೀನು ಐಸಿಲ್ಲದೆ ಬಿಸಿಯೇರಿದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಹುಟ್ಟಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಕುದಿಸಿದರೂ, ಹುರಿದರೂ ಅಳಿಯದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ.

ಇನ್ನೊಂದು ಭಯ, ಮೀನು ಕೆಡದಂತೆ ಬೆರೆಸುವ ಫಾರ್ಮಲಿನ್ ಎಂಬ ರಾಸಾಯನಿಕದ್ದು. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಅಧಿಕಾರಿಗಳು ‘ಸಾಗರ ರಾಣಿ’ ಕಾರ್ಯಾಚರಣೆಯಲ್ಲಿ ಅದನ್ನು ಬೆರೆಸಿದ್ದ ಮೀನನ್ನು ಗಡಿಯ ಚೆಕ್‌ಪೋಸ್ಟ್‌ಗಳಲ್ಲೇ ಹಿಡಿದರು. ಐಸಿಲ್ಲದೆ ಬಿದ್ದಿದ್ದರೂ ರಬ್ಬರಿನಂತೆ ಬಿರುಸಾಗಿ, ವಾಸನೆಯೇ ಇಲ್ಲದೆ, ನೊಣವೂ ಮುಟ್ಟದ ಮೀನನ್ನು ನೀವೂ ಮುಟ್ಟಬೇಡಿ.

ಅಜ್ಜಿ ಕೊನೆಗೆ ಆರು ಬಂಗುಡೆ ಆರಿಸಿದರು, ಆರರ ಕಿವಿಯನ್ನೂ ಎತ್ತಿ ನೋಡಿ. ಮಧ್ಯಾಹ್ನಕ್ಕೆ ಮುದ್ದೆ, ಮೀನ್ಸಾರು. ಮೇಲೆ ಒಂದು ಹಿಡಿ ಐಸನ್ನೂ ಚೀಲಕ್ಕೆ ಹಾಕಿಸಿಕೊಂಡರು. ಹಳ್ಳಿಗೆ ಬಸ್ಸು ಇನ್ನೂ ಒಂದು ಗಂಟೆ ಇದೆ. ನೀವೂ ಹಾಗೇ ಮಾಡಿ. ಕಿವಿ ಎತ್ತಲು ಬಿಡದ ಅಂಗಡಿ ಸಿಕ್ಕರೆ, ಅವತ್ತಿಗೆ ಕೋಳಿ ತಗೊಂಡು ಮನೆಗೆ ಹೋಗಿ.