ಔಡಲೆಣ್ಣೆ ಮತ್ತು ಕಕ್ಕಯ್ಯನ ರಸ್ತೆ

ನಮ್ಮ ಸೋದರತ್ತಿಯ ಚರ್ಮದ ಚೀಲ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: ಎಣ್ಣಿ ಹಚ್ಚು. ಯಾವ ಎಣ್ಣೆ ಎಂದು ಕೇಳಿದಿರೋ, ಮನೆ ಎರಡಾಗುತ್ತದೆ. ಅಫಜಲಪುರದ ಚಿಗವ್ವನಿಗೆ ಕೊಬ್ಬರಿ ಎಣ್ಣೆಯೇ ದೇವರು. ತಲೆನೋವಿನಿಂದ ಹಿಡಿದು ಕಿರುಗುಟ್ಟುವ ಬಾಗಿಲಿನ ತನಕ ಅವಳಲ್ಲಿ ಬೇರೆ ಮದ್ದಿಲ್ಲ. ಜೇವರ್ಗಿಯ ಭಾವ ತಮ್ಮ ಹೊಲದ ಕುಸುಬಿ ಎಣ್ಣೆಯ ಬಾಟಲಿಯನ್ನೇ ಕಳಿಸಿಕೊಟ್ಟರು. ಆಳಂದದಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಮೊಬೈಲಿನಲ್ಲಿ ನೋಡಿದ್ದನ್ನು ನಂಬಿ, ಬಾಳೆಹಣ್ಣಿನ ಸಿಪ್ಪೆ ತಿಕ್ಕಿದರೆ ಹೊಸದಾಗುತ್ತದೆ ಎಂದಳು. ಎಲ್ಲರದೂ ಪ್ರೀತಿಯ ಮಾತೇ. ಆದರೂ ಮನಸ್ಸಿಗೆ ಚುಚ್ಚುವುದು ಇದು: ಒಬ್ಬರೂ ಆ ಚೀಲವನ್ನು ಕೈಗೆತ್ತಿಕೊಂಡು, ಬಾಯಿ ತೆರೆದು, ಮಡಿಕೆ ಬಿಡಿಸಿ ನೋಡಲಿಲ್ಲ. ಕಾಯಿಲೆ ಏನೆಂದು ಕೇಳದೆ ಔಷಧ ಬರೆದರು.

ಚೀಲ ಕಂದು ಬಣ್ಣದ್ದು, ಮೇಲೊಂದು ಅಗಲ ಮುಚ್ಚಳ, ಅದಕ್ಕೆ ಹಿತ್ತಾಳೆ ಬಕಲು, ಹೆಗಲಿಗೆ ಒಂದೇ ಪಟ್ಟಿ. ಅತ್ತಿಗೆ ಸರ್ಕಾರಿ ಶಾಲೆಯ ನೌಕರಿ ಸಿಕ್ಕಾಗ, ಮುಂಬಯಿಯ ಬಟ್ಟೆ ಗಿರಣಿಯಲ್ಲಿದ್ದ ದೊಡ್ಡಪ್ಪ ಧಾರಾವಿಯಿಂದ ತಂದುಕೊಟ್ಟದ್ದು. 1982ರ ಗಿರಣಿ ಮುಷ್ಕರ ಇನ್ನೂ ಆಗಿರಲಿಲ್ಲ; ತಂಗಿಗೆ ಚರ್ಮದ ಚೀಲ ಕೊಡಿಸುವಷ್ಟು ಪಗಾರ ಅವನ ಕೈಯಲ್ಲಿ ಉಳಿಯುತ್ತಿತ್ತು. ಆ ಚೀಲ ಹೆಗಲಿಗೇರಿಸಿ ಅತ್ತಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಊರುಗಳಲ್ಲಿ ‘ಅಕ್ಕೋರು’ ಅನ್ನಿಸಿಕೊಂಡಳು. ಅದರಲ್ಲಿ ಸೀಮೆಸುಣ್ಣ, ಮಕ್ಕಳ ಹಾಜರಿಯ ಲೆಕ್ಕ, ಅರ್ಧ ಹರಿದ ಬಸ್ ಚೀಟಿಗಳು, ಕುಂಕುಮದ ಕರಡಿಗೆ, ಮಧ್ಯಾಹ್ನಕ್ಕೆ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ. ಭೀಮಾ ತುಂಬಿ ಬಂದರೆ ಆಚೆ ದಂಡೆಯ ಊರಿನಲ್ಲೇ ಯಾರದಾದರೂ ಮನೆಯಲ್ಲಿ ರಾತ್ರಿ ಕಳೆಯಬೇಕು. ಆಗ ಚೀಲವೇ ತಲೆದಿಂಬು. ನಿವೃತ್ತಿಯಾದ ಮೇಲೆ ಅದು ಟ್ರಂಕು ಸೇರಿತು, ಟ್ರಂಕು ತಗಡಿನ ಮಾಡಿನ ಕೋಣೆ ಸೇರಿತು. ನಮ್ಮ ಕಡೆಯ ಮೇ ತಿಂಗಳೆಂದರೆ ಗೊತ್ತಲ್ಲ, ಕಲಬುರಗಿಯಲ್ಲಿ ನೆರಳಿನಲ್ಲೇ 43, 44 ಡಿಗ್ರಿ. ತಗಡಿನ ಕೆಳಗೆ ಎಷ್ಟಿರಬಹುದೋ ನೀವೇ ಊಹಿಸಿ. ಅಂಥ ಬೇಸಿಗೆಗಳನ್ನು ಸಾಲಾಗಿ ನುಂಗಿದ ಚೀಲ ಹೊರಬಂದಾಗ ಅದರ ಮೈ ಮಳೆ ಕಾಣದ ಎರೆಹೊಲದಂತೆ ಬಿರುಕು ಬಿಟ್ಟಿತ್ತು.

ಒಣಗಿದ ತೊಗಲಿಗೆ ಆಗುವುದೇನು? ಚರ್ಮವೆಂದರೆ ಒಂದರೊಳಗೊಂದು ಹೆಣೆದುಕೊಂಡ ಕೊಲಾಜೆನ್ ಎಳೆಗಳು. ಅವುಗಳ ನಡುವೆ ಒಂದಿಷ್ಟು ತೇವ, ಒಂದಿಷ್ಟು ಜಿಡ್ಡು ಇರುವ ತನಕ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಚೀಲ ಮಣಿಯುತ್ತದೆ. ತೇವ ಹೋಯಿತೆಂದರೆ ಎಳೆಗಳು ಪರಸ್ಪರ ಅಂಟಿಕೊಳ್ಳುತ್ತವೆ. ಆಮೇಲೆ ಮಡಚಿದರೆ ಮಣಿಯುವುದಿಲ್ಲ, ಮುರಿಯುತ್ತದೆ. ಮುರಿದ ಎಳೆ ಯಾವ ಎಣ್ಣೆಗೂ ಕೂಡಿಕೊಳ್ಳುವುದಿಲ್ಲ; ಉಳಿದ ಎಳೆಗಳನ್ನು ಜಾರುವಂತೆ ಮಾಡುವುದಷ್ಟೇ ನಮ್ಮ ಕೈಲಿರುವ ಕೆಲಸ. ಇನ್ನೊಂದು ಕಾಯಿಲೆ ಇದಕ್ಕಿಂತ ಕೆಟ್ಟದ್ದು. ತೊಗಟೆಯಲ್ಲಿ ಹದ ಮಾಡಿದ ಹಳೆಯ ಚರ್ಮ ಗಾಳಿಯ ಗಂಧಕದ ಹೊಗೆಯನ್ನು ಹೀರಿ, ಒಳಗೆ ಆಮ್ಲ ಕಟ್ಟಿಕೊಂಡು, ಮುಟ್ಟಿದರೆ ಕೆಂಪು ಪುಡಿಯಾಗಿ ಉದುರುತ್ತದೆ. ಗ್ಯಾಸ್ ದೀಪಗಳ ಕಾಲದ ಲಂಡನ್ನಿನಲ್ಲಿ ಪುಸ್ತಕಗಳ ಚರ್ಮದ ಹೊದಿಕೆ ಹೀಗೆ ಉದುರತೊಡಗಿದಾಗ ವಿಜ್ಞಾನಿ ಮೈಕೆಲ್ ಫ್ಯಾರಡೆ ದೀಪದ ಹೊಗೆಯನ್ನೇ ಸಂಶಯಿಸಿದ್ದ. ಆ ಪುಡಿ ಕಂಡ ಚರ್ಮಕ್ಕೆ ಎಣ್ಣೆ ಹಚ್ಚಿದರೆ ಕಪ್ಪಾಗುತ್ತದೆ, ಬದುಕುವುದಿಲ್ಲ. ಬೆರಳಿಗೆ ಪುಡಿ ಹತ್ತುತ್ತದೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು. ನಮ್ಮ ಚೀಲದಲ್ಲಿ ಹತ್ತಲಿಲ್ಲ.

ಇನ್ನು ಎಣ್ಣೆಗಳ ಮಾತು. ಎಣ್ಣೆಕಾಳಿನ ಸೀಮೆಯಲ್ಲಿ ಹುಟ್ಟಿದ ನಾವು ಎಲ್ಲ ಎಣ್ಣೆಯನ್ನೂ ಒಂದೇ ಎಂದು ನೋಡಬಾರದು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗ್ಗೆ ಚಿಗವ್ವನ ಬಾಟಲಿಯೇ ಬಿಸಿಲಿಗೆ ಕೂರುತ್ತದಲ್ಲ, ಚರ್ಮದೊಳಗೂ ಅದೇ ಕಥೆ. ಮೇಲೆ ಬಿಳಿ ಪೊರೆ ಏಳುತ್ತದೆ. ಕುಸುಬಿ ಮತ್ತು ಅಗಸಿ ಗಾಳಿಗೆ ಒಡ್ಡಿದರೆ ನಿಧಾನವಾಗಿ ಅಂಟಾಗಿ ಕೊನೆಗೆ ಗಟ್ಟಿ ಪೊರೆಯಾಗುವ ಎಣ್ಣೆಗಳು. ಬಣ್ಣ, ವಾರ್ನಿಷ್ ತಯಾರಿಸುವವರು ಅಗಸಿಯನ್ನು ಹುಡುಕುವುದು ಆ ಗುಣಕ್ಕೇ. ಚೀಲಕ್ಕೆ ಬೇಡವಾದ ಗುಣವೂ ಅದೇ. ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಾಗಲ್ಲ. ಅದು ಒಣಗುವುದಿಲ್ಲ, ನಮ್ಮ ಚಳಿಗೆ ಹೆಪ್ಪುಗಟ್ಟುವುದೂ ಇಲ್ಲ. ಬಂಡಿಯ ಅಚ್ಚಿಗೆ ಹಿರಿಯರು ಅದನ್ನೇ ಹಾಕುತ್ತಿದ್ದರು.

ಭಾವನಿಗೆ ಬೇಸರವಾಗದಿರಲಿ ಎಂದು ಇದನ್ನೂ ಹೇಳುತ್ತೇನೆ. ಕುಸುಬಿಗೂ ತೊಗಲಿಗೂ ಹಳೆಯ ನಂಟಿದೆ. 19ನೇ ಶತಮಾನದ ಕೊನೆಯಲ್ಲಿ ಜಾರ್ಜ್ ವ್ಯಾಟ್ ಎಂಬ ಸಸ್ಯವಿಜ್ಞಾನಿ ಈ ದೇಶದ ಬೆಳೆಗಳ ಬಗ್ಗೆ ಸಂಪುಟಗಟ್ಟಲೆ ಬರೆದಿಟ್ಟ. ಕುಸುಬಿ ಕಾಳನ್ನು ಮಡಕೆಯಲ್ಲಿ ಸುಟ್ಟು ಇಳಿಸಿದ ಕರಿ ಅಂಟೆಣ್ಣೆಯನ್ನು ಬಾವಿಯ ಹಗ್ಗಕ್ಕೆ, ನೀರಿನಲ್ಲಿ ನೆನೆಯುವ ಚರ್ಮದ ಸಾಮಾನಿಗೆ ಬಳಿಯುತ್ತಿದ್ದ ಸಂಗತಿ ಅದರಲ್ಲಿದೆ. ಎತ್ತು ಹೂಡಿ ಬಾವಿಯಿಂದ ನೀರೆತ್ತುವ ತೊಗಲಿನ ಮೊಟ್ಟೆಗೆ ನೀರು ಒಳಹೋಗದ ಪೊರೆ ಬೇಕು. ಹೆಗಲ ಚೀಲಕ್ಕೆ ಮಣಿಯುವ ಮೈ ಬೇಕು. ಯಾವುದಕ್ಕೆ ಯಾವುದು ಎಂಬ ಈ ವಿವೇಕ ನಮ್ಮ ಊರುಗಳಲ್ಲಿ ಇತ್ತು. ಯಾರ ಬಳಿ ಇತ್ತು ಎಂಬುದೇ ಪ್ರಶ್ನೆ.

ಆಳಂದದಲ್ಲಿ ಬಸ್ ನಿಲ್ದಾಣದ ಹತ್ತಿರ ಛತ್ರಿ ಕಟ್ಟಿಕೊಂಡು ಚಪ್ಪಲಿ ಹೊಲಿಯುತ್ತ ಕೂರುವ ವಯಸ್ಸಾದ ಕಾಕಾ ಒಬ್ಬರಿದ್ದಾರೆ. ಚೀಲವನ್ನು ಅವರ ಮುಂದಿಟ್ಟೆ. ಅವರು ಎಣ್ಣೆಯ ಸುದ್ದಿ ಎತ್ತಲಿಲ್ಲ. ಮೊದಲು ಮೂಸಿ ನೋಡಿದರು. ಮುಚ್ಚಳದ ಒಳಬದಿಗೆ ಬೆರಳು ತುದಿಯಿಂದ ಒಂದು ಹನಿ ನೀರು ಬಿಟ್ಟರು. ಹನಿ ನಿಧಾನವಾಗಿ ಇಂಗಿ, ಜಾಗ ಕಪ್ಪಾಯಿತು.

‘ಸತ್ತಿಲ್ಲ ಯವ್ವಾ ಇದು, ಒಣಗ್ಯಾದ ಅಷ್ಟ’ ಎಂದರು. ‘ತೊಗಟಿನ್ಯಾಗ ಹದ ಮಾಡಿದ ತೊಗಲು. ಈಗ ಇಂಥಾದ್ದು ಎಲ್ಲಿ ಬರ್ತದ?’

‘ಎಣ್ಣಿ ಹಚ್ಚಲೇನ್ರಿ ಕಾಕಾ?’

‘ಎಣ್ಣಿ ಆಮ್ಯಾಗ. ಮೊದಲ ಧೂಳ ತಗೀಬೇಕು. ಧೂಳಿನ ಮ್ಯಾಲ ಎಣ್ಣಿ ಹಚ್ಚಿದ್ರ ಕೆಸರ ಒಳಗ ಹೋಗ್ತದ. ಮತ್ತ ಹಸಿವಿ ಎಷ್ಟದ ಅಷ್ಟೇ ಉಣಸಬೇಕು, ಹೆಚ್ಚ ಉಣಸಿದ್ರ ಹೊಟ್ಟಿ ಜೋತು ಬೀಳ್ತದ.’

ಅವರು ಹೇಳಿದ ಹಾಗೆ ಮನೆಯಲ್ಲಿ ಮಾಡಿದೆ. ಹೊಲಿಗೆಯ ಸಂದಿನ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆದು, ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಲು ಬಿಟ್ಟೆ. ಬಿಸಿಲಿಗೆ ಇಡಕೂಡದು, ಎಷ್ಟೇ ಅವಸರವಿದ್ದರೂ. ಬಟ್ಟೆಗೆ ಔಡಲ ಎಣ್ಣೆ ಹತ್ತಿತೋ ಇಲ್ಲವೋ ಎನ್ನುವಷ್ಟು ಹಚ್ಚಿ ತೆಳ್ಳಗೆ ಸವರುವುದು, ರಾತ್ರಿ ಬಿಡುವುದು, ಬೆಳಗ್ಗೆ ಒಣಬಟ್ಟೆಯಿಂದ ಉಜ್ಜುವುದು, ಮೈ ಇನ್ನೂ ಕೇಳಿದರೆ ಮತ್ತೆ ಸವರುವುದು. ಬಕಲಿನ ಸುತ್ತ ಹಸಿರು ಮೇಣದಂಥದ್ದು ಕಟ್ಟಿತ್ತು. ಹಿತ್ತಾಳೆಯ ತಾಮ್ರ ಚರ್ಮದ ಜಿಡ್ಡಿನ ಆಮ್ಲದೊಡನೆ ಸೇರಿ ಮಾಡುವ ಕಿತಾಪತಿ ಅದು. ಕಡ್ಡಿಯಿಂದ ಬಿಡಿಸಿ ಒಣಬಟ್ಟೆಯಿಂದ ಒರೆಸಿದರೆ ಸಾಕು, ಹುಣಸೆ ತಿಕ್ಕಿದರೆ ಹುಳಿ ಚರ್ಮಕ್ಕಿಳಿಯುತ್ತದೆ. ಬಣ್ಣ ಹೊಡೆಸು ಎಂದವರ ಮಾತು ಕೇಳಲಿಲ್ಲ. ಪಟ್ಟಿಯ ಮೇಲೆ ಅತ್ತಿಯ ಕೈ ಹಿಡಿದ ಜಾಗ ಕಪ್ಪಾಗಿದೆ. ಅದನ್ನು ಅಳಿಸಿ ಹೊಸದಾಗಿಸುವ ಹಕ್ಕು ನನಗಿಲ್ಲ.

ಕೆಲಸ ಮಾಡುತ್ತ ಮಾಡುತ್ತ ಧಾರಾವಿಯ ನೆನಪು ಬಂತು. ದೊಡ್ಡಪ್ಪ ಚೀಲ ಕೊಂಡ ಆ ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗ ಎಂಬ ರಸ್ತೆ ಇದೆ. ಮುಂಬಯಿಯ ಮಂದಿ ದಿನವೂ ಆ ಹೆಸರು ಹೇಳುತ್ತಾರೆ. ಆ ಕಕ್ಕಯ್ಯ ನಮ್ಮ ಕಲ್ಯಾಣದ ಡೋಹರ ಕಕ್ಕಯ್ಯ. ಚರ್ಮ ಹದ ಮಾಡುವ ಕಾಯಕದವನು, ‘ಅಭಿನವ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ವಚನ ಬರೆದವನು. ಕೆಲವೇ ವಚನಗಳು ಸಿಕ್ಕಿವೆ. ಬಸವಣ್ಣ ತನ್ನ ಕುಲ ಯಾವುದು ಎಂದು ಹೇಳಿಕೊಳ್ಳುವಾಗ ಮಾದಾರ ಚೆನ್ನಯ್ಯನನ್ನೂ ಈ ಕಕ್ಕಯ್ಯನನ್ನೂ ಬಂಧುಗಳೆಂದು ಕರೆದ. ಕಲ್ಯಾಣ ಒಡೆದ ಮೇಲೆ ವಚನದ ಕಟ್ಟುಗಳನ್ನು ಕಾಯುತ್ತ ಪಶ್ಚಿಮಕ್ಕೆ ಹೊರಟ ಶರಣರ ದಂಡಿನಲ್ಲಿ ಅವನಿದ್ದ, ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಐಕ್ಯನಾದ ಎಂದು ಜನ ನಂಬುತ್ತಾರೆ. ಮಹಾರಾಷ್ಟ್ರದ ಢೋರ ಸಮಾಜ ಇವತ್ತಿಗೂ ಅವನನ್ನು ಗುರು ಎನ್ನುತ್ತದೆ. ಕಸುಬು ಹೊತ್ತು ಮುಂಬಯಿಗೆ ಹೋದವರು ಗುರುವನ್ನೂ ಹೊತ್ತು ಹೋದರು. ಆಳಂದದಿಂದ ಬಸವಕಲ್ಯಾಣ ಬಸ್ಸಿನ ದಾರಿ, ಆದರೆ ನಮ್ಮ ಊರಿನ ಯಾವ ರಸ್ತೆಗೆ ಕಕ್ಕಯ್ಯನ ಹೆಸರಿದೆ ಎಂದು ಯೋಚಿಸಿದರೆ ನನಗೆ ಒಂದೂ ನೆನಪಾಗುವುದಿಲ್ಲ.

ಸಮಗಾರ ಹರಳಯ್ಯನ ಕಥೆ ಎಲ್ಲರಿಗೂ ಗೊತ್ತು. ಅವನ ಶರಣಿಗೆ ಪ್ರತಿಯಾಗಿ ಬಸವಣ್ಣ ಶರಣು ಶರಣಾರ್ಥಿ ಎಂದನಲ್ಲ, ಆ ಒಂದು ಹೆಚ್ಚಿನ ಶರಣಿನ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದುಕೆ ಮಾಡಿದರು ಎಂಬ ಕಥೆ. ಭಜನೆಯಲ್ಲಿ, ಪುರಾಣದಲ್ಲಿ, ಬಯಲಾಟದಲ್ಲಿ ಅದನ್ನು ಕೇಳಿ ಅಳದವರಿಲ್ಲ. ಆದರೆ ನಾವು ಅಳುವುದು ಭಕ್ತಿಗೆ. ಆ ಗಂಡಹೆಂಡಿರ ಕೈಯಲ್ಲಿದ್ದ ಕಸುಬಿಗೆ ಯಾರು ತಲೆದೂಗಿದ್ದಾರೆ? ಹದ ಗೊತ್ತಿಲ್ಲದ ಭಕ್ತನಿಂದ ಪಾದುಕೆ ಆಗುತ್ತಿರಲಿಲ್ಲ.

ಹದವೆಂದರೆ ಆಟವೂ ಅಲ್ಲ. ಹಸಿ ತೊಗಲನ್ನು ತೊಳೆದು ಸುಣ್ಣದ ಹೊಂಡದಲ್ಲಿ ನೆನೆಹಾಕಬೇಕು. ಕೂದಲು ಸಡಿಲಾದಾಗ ಹೆರೆದು, ಒಳಮೈಯ ಮಾಂಸ ಕೆತ್ತಿ, ಸುಣ್ಣ ಹೋಗುವ ತನಕ ಮತ್ತೆ ಮತ್ತೆ ತೊಳೆಯಬೇಕು. ಆಮೇಲೆ ಜಾಲಿಯ ತೊಗಟೆ, ತಂಗಡಿಯ ಚಕ್ಕೆ, ಅಳಲೆಕಾಯಿಯ ಒಗರು ನೀರು. ಕೊಲ್ಹಾಪುರದ ಕಡೆಯವರೂ ನಮ್ಮ ಉತ್ತರ ಕರ್ನಾಟಕದವರೂ ತೊಗಲನ್ನೇ ಚೀಲವಾಗಿ ಹೊಲಿದು, ತೂಗುಹಾಕಿ, ಒಳಗೆ ತೊಗಟೆಯ ರಸ ತುಂಬಿಸುತ್ತಿದ್ದರು. ರಸ ತೊಗಲನ್ನು ದಾಟಿ ಹನಿಹನಿಯಾಗಿ ಜಿನುಗುತ್ತ ಒಳಗಿನ ಎಳೆ ಎಳೆಯನ್ನೂ ಹಿಡಿಯುತ್ತಿತ್ತು. ವಾರಗಟ್ಟಲೆ ಕೆಲಸ. ರಸ ಇಳಿಯಿತೋ ಇಲ್ಲವೋ ಎಂದು ತಿಳಿಯಲು ಅಂಚು ಕೊಯ್ದು ಬಣ್ಣ ನೋಡುವುದೊಂದೇ ದಾರಿ. ಇವತ್ತು ಕ್ರೋಮಿಯಂ ಉಪ್ಪಿನಲ್ಲಿ ಇದೇ ಕೆಲಸ ಒಂದೆರಡು ದಿನದಲ್ಲಿ ಮುಗಿದು ತೊಗಲು ನೀಲಿಯಾಗಿ ಹೊರಬರುತ್ತದೆ. ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ನೆಲೆಗೊಳಿಸಿದ. ಅದು ರಸಾಯನಶಾಸ್ತ್ರವಾಯಿತು, 1948ರಲ್ಲಿ ಅದೇ ಮದ್ರಾಸಿನಲ್ಲಿ ಚರ್ಮಕ್ಕೆಂದೇ ಒಂದು ಕೇಂದ್ರೀಯ ಸಂಶೋಧನಾ ಸಂಸ್ಥೆಯೂ ಎದ್ದಿತು. ಒಳ್ಳೆಯದೇ ಆಯಿತು. ತೊಗಟೆಯ ಹದ ಬಲ್ಲವರನ್ನು ಮಾತ್ರ ಊರು ತನ್ನತ್ತ ಗಾಳಿ ಬೀಸದ ದಿಕ್ಕಿಗೆ, ಹಳ್ಳದ ಕೆಳಗಡೆಗೆ ಕಳಿಸಿತು.

ಮೊಟ್ಟೆ ಅವರು ಹೊಲಿದುಕೊಡದಿದ್ದರೆ ತೋಟವಿಲ್ಲ. ಮಿಣಿ ಇಲ್ಲದೆ ನೇಗಿಲು ಹೂಡಲಾಗದು. ಹಲಗೆ ಇಲ್ಲದೆ ದೇವರ ಪಲ್ಲಕ್ಕಿ ಏಳದು. ನಿಜಾಮರ ಕಾಲದ ಪಟ್ಟಣಗಳಲ್ಲಿ ಕುಡಿಯುವ ನೀರು ಬರುತ್ತಿದ್ದದ್ದೂ ಚರ್ಮದ ಪಖಾಲಿಯಲ್ಲಿ. ಚರ್ಮದೊಳಗಿನ ನೀರು ಗಂಟಲಿಗೆ ಇಳಿಯಿತು, ಚರ್ಮ ಹದಗೊಳಿಸಿದವನ ಕೈ ಮಾತ್ರ ಬಾವಿಯ ಹಗ್ಗ ಮುಟ್ಟಬಾರದಾಗಿತ್ತು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಅವನು ಸೆರಗೊಡ್ಡಿ ಪಡೆದ ಆಯದ ಜೋಳವನ್ನು ನಾವು ದಾನವೆಂದು ಲೆಕ್ಕ ಬರೆದುಕೊಂಡೆವು. ಅದು ಕೂಲಿ. ಅದೂ ಪೂರ್ತಿಯಾಗಿ ಕೊಡದ ಕೂಲಿ. ಪಂಪ್‌ಸೆಟ್ಟು ಬಂತು, ಮೊಟ್ಟೆ ಹೋಯಿತು; ಪ್ಲಾಸ್ಟಿಕ್ ಹಗ್ಗ ಬಂತು, ಮಿಣಿ ಹೋಯಿತು. ಅವರ ಮಕ್ಕಳು ಆ ಸುಣ್ಣದ ಹೊಂಡಗಳಿಂದ ದೂರ ಹೋದರು. ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆ ನಾತವನ್ನೂ ಅವಮಾನವನ್ನೂ ಹೊರು ಎಂದು ಯಾರಿಗೂ ಹೇಳುವ ಬಾಯಿ ನಮಗಿಲ್ಲ. ನನ್ನ ಸಂಕಟ ಬೇರೆ. ಅವರು ಊರು ಬಿಡುವ ತನಕ ಯಾವ ಶಾಲೆಯೂ ಅವರನ್ನು ಕರೆದು ಕೂರಿಸಿ, ನಿಮಗೆ ಗೊತ್ತಿರುವುದನ್ನು ಹೇಳಿ, ಬರೆದುಕೊಳ್ಳುತ್ತೇವೆ ಎನ್ನಲಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು, ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ. ವಿಜಯಪುರದ ಗಡಿಗೆ ಬಂದು ಆ ಗೆರೆ ನಿಂತಿತು. ಭೀಮೆ ದಾಟಿದರೆ ನಾವು. ಅದೇ ವರ್ಷ ನಮ್ಮ ತೊಗರಿಗೂ ಆ ಮಾನ ಬಂತು, ಸಂತೋಷ. ಕಕ್ಕಯ್ಯನ ಕೈಯ ವಿದ್ಯೆಗೆ ಕೇಳುವವರೇ ಇರಲಿಲ್ಲ.

ಇದನ್ನೆಲ್ಲ ಅತ್ತಿಯ ಮುಂದೆ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, ತಾನು ಪಾಠ ಮಾಡಿದ ಒಂದು ಊರಿನಲ್ಲಿ ತೊಗಲು ಹದ ಮಾಡುವವರ ಕೇರಿಯ ಮಕ್ಕಳನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದಕ್ಕೆ ಊರ ಹಿರಿಯರು ಮನೆತನಕ ಬಂದು ಜಗಳ ತೆಗೆದದ್ದನ್ನು ಹೇಳಿದಳು. ಮಕ್ಕಳು ಮೊದಲ ಸಾಲಿನಲ್ಲೇ ಉಳಿದರಂತೆ. ಇಷ್ಟು ವರ್ಷ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ.

ಚೀಲದ ಪಟ್ಟಿಯ ಹೊಲಿಗೆ ಇನ್ನೂ ಬಾಕಿ ಇದೆ. ಮಷಿನ್ ದಾರ ಹಾಕಿದರೆ ಹಳೆ ತೊಗಲನ್ನು ಕೊಯ್ಯುತ್ತದೆ, ನೂಲಿನ ದಾರಕ್ಕೆ ಮೇಣ ಎಳೆದು ಕೈಯಿಂದಲೇ ಹೊಲಿಯಬೇಕು ಎಂದಿದ್ದಾರೆ ಕಾಕಾ. ಅಂಗಡಿಯಲ್ಲಿ ಮೇಣವೆಂದು ಕೊಡುವುದು ಮೇಣಬತ್ತಿಯ ಮೇಣ, ಅದು ಬೇಡವಂತೆ. ಗಾಣಗಾಪುರದ ಕಡೆ ಹೆಜ್ಜೇನು ಬಿಡಿಸುವವರಿಗೆ ಹೇಳಿ ಕಳಿಸಿದ್ದೇನೆ.