ಇಂಪಾಲಾ ಮಾರಾಟಕ್ಕಿದೆ

ಹಳೇ ಗಾಡಿ ಮಾರುವವರು ಎಲ್ಲಿದ್ದರೂ ಒಂದೇ ಸುಳ್ಳು ಹೇಳುತ್ತಾರೆ: ‘ಸಿಂಗಲ್ ಓನರ್, ಒಂದು ದಿನವೂ ಕೈಕೊಟ್ಟಿಲ್ಲ.’ ಬಾರ್ಸಿಲೋನಾದ ಗ್ರಾಸಿಯಾ ಬಡಾವಣೆಯಲ್ಲಿ ತಮ್ಮ ಮೊಂಟೆಸಾ ಇಂಪಾಲಾ ಬೈಕನ್ನು ಮಾರಾಟಕ್ಕಿಟ್ಟಿದ್ದ ಹಿರಿಯರು ಮಾತ್ರ ಬೇರೆ ಥರ. ‘ಕ್ಲಚ್ ಸ್ವಲ್ಪ ಜಾರುತ್ತೆ, ಹಿಂದಿನ ಮಡ್‌ಗಾರ್ಡಿಗೆ ಒಮ್ಮೆ ಪೆಟ್ಟಾಗಿದೆ, ಸೀಟು ಹೊಲಿದದ್ದು ನನ್ನ ಹೆಂಡತಿ’ ಎಂದು ದೋಷಗಳನ್ನೇ ಸಾಲಾಗಿ ಒಪ್ಪಿಸಿದರು. ಕೊಡಲು ಮನಸ್ಸಿಲ್ಲದವರ ಮಾತಿನ ವರಸೆ ಇದು. ಮೈಸೂರಿನಲ್ಲಿ ಅಪ್ಪನೂ ತಮ್ಮ ಜಾವಾ ನೋಡಲು ಬಂದವರನ್ನು ಹೀಗೇ ಸಾಗಹಾಕುತ್ತಿದ್ದರು.

ಗಾಡಿಯ ಟ್ಯಾಂಕು ಕೆಂಪು. ಮಂಡಿ ತಾಗುವ ಕಡೆ ಬಣ್ಣ ಸವೆದು ಲೋಹ ಇಣುಕುತ್ತಿತ್ತು. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗಡ್ಡೆ. 175 ಸಿಸಿ, ಒಂದೇ ಸಿಲಿಂಡರ್, ಟೂ-ಸ್ಟ್ರೋಕ್. ಅಲಂಕಾರ ಅಂತ ಹುಡುಕಿದರೆ ಏನೂ ಸಿಗದು. ಲಿಯೊಪೋಲ್ಡೊ ಮಿಲಾ ಎಂಬ ಎಂಜಿನಿಯರ್ ಬೇಡದ್ದನ್ನೆಲ್ಲ ತೆಗೆದು ಕಟ್ಟಿದ ಗಾಡಿ ಇದು. ಬಂದ ವರ್ಷವೇ, ಅಂದರೆ 1962ರಲ್ಲಿ, ವಿನ್ಯಾಸಕ್ಕಾಗಿ ಸ್ಪೇನಿನ ‘ಡೆಲ್ಟಾ ದೆ ಓರೊ’ ಪ್ರಶಸ್ತಿ ಪಡೆಯಿತು.

ಹಗುರ ಗಾಡಿ ಅಂದಿನ ಸ್ಪೇನಿಗೆ ಶೋಕಿಯಾಗಿರಲಿಲ್ಲ. ಅಂತರ್ಯುದ್ಧದಲ್ಲಿ ಬಡವಾಗಿದ್ದ ದೇಶ. ಫ್ರಾಂಕೋ ಆಡಳಿತದಲ್ಲಿ ಆಮದಿಗೆ ಕಟ್ಟುನಿಟ್ಟಿನ ತಡೆ. ಬಾರ್ಸಿಲೋನಾದ ಪೆರೆ ಪೆರ್ಮನ್ಯೇರ್ ಮತ್ತು ಫ್ರಾನ್ಸೆಸ್ಕ್ ಬುಲ್ಟೊ 1945ರ ಹೊತ್ತಿಗೆ ಮೊಂಟೆಸಾ ಶುರುಮಾಡಿದ್ದು ಇಂಥ ಕಾಲದಲ್ಲಿ. ಮುಂದೆ 1957ರಲ್ಲಿ ಸಿಯಾಟ್ 600 ಕಾರು ಬಂದು ಮಧ್ಯಮ ವರ್ಗ ನಾಲ್ಕು ಚಕ್ರದ ಕನಸು ಕಾಣತೊಡಗಿತು. ಖರ್ಚು ಕಡಿಮೆ ಮಾಡೋಣ, ರೇಸು ಬಿಡೋಣ ಎಂದರು ಪೆರ್ಮನ್ಯೇರ್. ರೇಸಿಲ್ಲದ ಕಂಪನಿ ತಮಗೆ ಬೇಡವೆಂದು ಬುಲ್ಟೊ 1958ರಲ್ಲಿ ಹೊರನಡೆದು ಬುಲ್ಟಾಕೊ ಕಟ್ಟಿದರು. ಪಾಲುದಾರರ ಜಗಳದಿಂದ ಗಿರಾಕಿಗೆ ಲಾಭವಾದ ಅಪರೂಪದ ಪ್ರಸಂಗ ಇದು.

ಹೊಸ ಗಾಡಿಯ ತಾಕತ್ತು ತೋರಿಸಲು ಮೊಂಟೆಸಾದವರು ಹುಡುಕಿಕೊಂಡ ದಾರಿ ಆಫ್ರಿಕಾ. 1962ರಲ್ಲಿ ಮೂರು ಬೈಕು, ಜೊತೆಗೊಂದು ಲ್ಯಾಂಡ್ ರೋವರ್, ಐದು ಜನ ತರುಣರು ಕೇಪ್‌ಟೌನಿನಿಂದ ಹೊರಟು ಇಡೀ ಖಂಡವನ್ನು ಉದ್ದಕ್ಕೆ ದಾಟಿದರು. ಸುಮಾರು 20,000 ಕಿಲೋಮೀಟರ್, ಬಹಳಷ್ಟು ಕಡೆ ಬರೀ ಮಣ್ಣಿನ ದಾರಿ. ಅಲ್ಲಿಯ ಜಿಂಕೆಯ ಹೆಸರೇ ಗಾಡಿಗೆ ಬಂತು. ಈಗಿನ ಜಾಹೀರಾತಿನವರು ಇಷ್ಟು ಬೆವರು ಸುರಿಸುವುದು ನಾನಂತೂ ಕಂಡಿಲ್ಲ.

ಇತ್ತ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆಗತಾನೇ, 1961ರಲ್ಲಿ, ಶುರುವಾಗಿತ್ತು. ನಮ್ಮಲ್ಲಿ ಲೈಸೆನ್ಸ್ ರಾಜ್, ಅಲ್ಲಿ ಫ್ರಾಂಕೋ ರಾಜ್. ಎರಡು ಕಡೆಯೂ ಹೊರಗಿನ ಮಾಲಿಗೆ ಬಾಗಿಲು ಬಂದ್. ಅಪ್ಪ ಜಾವಾಕ್ಕೆ ಹೆಸರು ಬರೆಸಿ ಕಾದ ಕಥೆಯನ್ನು ಸಾಕಷ್ಟು ಕೇಳಿದ್ದೇನೆ, ಹಾಗಾಗಿ ಆ ಕಾಲವನ್ನು ಹೊಗಳಲು ನಾಲಿಗೆ ಏಳದು. ಆದರೂ ಒಂದು ಮಾತು ಒಪ್ಪಬೇಕು: ಇನ್ನೊಂದು ಸಿಗುವ ಖಾತ್ರಿಯಿಲ್ಲದವರು ಇದ್ದುದನ್ನು ಚೆನ್ನಾಗಿ ನೋಡಿಕೊಂಡರು. ಎರಡೂ ಗಾಡಿಗಳದ್ದು ವಾಲ್ವಿಲ್ಲದ, ಕ್ಯಾಮ್ ಶಾಫ್ಟಿಲ್ಲದ, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಎಂಜಿನ್ನು. ಮರದಡಿಯ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸುತ್ತಿದ್ದ.

ಗ್ರಾಸಿಯಾದಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಬೆಲೆ ಕೇಳಲಿಲ್ಲ ಅವರು.

‘ಎಂಜಿನ್ ಮುಟ್ಟಿ ನೋಡಿದ್ಯೇನೇ ಪುಟ್ಟಿ? ತಣ್ಣಗಿತ್ತಾ?’

‘ತಣ್ಣಗಿತ್ತಪ್ಪ.’

‘ಹಾಗಾದ್ರೆ ಮನುಷ್ಯ ಯೋಗ್ಯ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಇಟ್ಟಿರೋರ ಗಾಡಿ ಮುಟ್ಟಬೇಡ.’

ಹಿರಿಯರು ಚೋಕ್ ಎಳೆದು ಒದ್ದರು. ಗಾಡಿ ಕೆಮ್ಮಿ, ನೀಲಿ ಹೊಗೆ ಕಾರಿ, ಆಮೇಲೆ ಟಣಟಣ ಎಂದು ಒಂದೇ ಲಯಕ್ಕೆ ಬಂತು. ಮೈಸೂರಿನಲ್ಲಿ ಅಪ್ಪ ಫೋನಿಗೆ ಕಿವಿ ಕೊಟ್ಟು, ‘ಸೈಲೆನ್ಸರ್ ಕ್ಲೀನ್ ಮಾಡಿಸಬೇಕು, ಕರಿ ಕಟ್ಟಿದೆ’ ಎಂದು ತೀರ್ಪು ಕೊಟ್ಟರು. ನಾನು ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಹಿರಿಯರು ನಕ್ಕರು. ‘ನಿಮ್ಮ ತಂದೆಯನ್ನೇ ಕಳಿಸಿ, ಅವರಿಗಾದರೆ ಕೊಡುತ್ತೇನೆ’ ಅಂದರು.

ಮಾರುವುದೇಕೆ? ಹೊಗೆ ನಿಯಂತ್ರಣಕ್ಕೆಂದು 2020ರಿಂದ ವಾರದ ದಿನಗಳ ಹಗಲಲ್ಲಿ ಹಳೇ ಗಾಡಿಗಳಿಗೆ ಬಾರ್ಸಿಲೋನಾದಲ್ಲಿ ನಿರ್ಬಂಧವಿದೆ. ಐತಿಹಾಸಿಕ ವಾಹನವೆಂದು ನೋಂದಾಯಿಸಿದರೆ ವಿನಾಯಿತಿ ಉಂಟು. ‘ನಿನ್ನೆವರೆಗೆ ಇದರಲ್ಲಿ ತರಕಾರಿ ತಂದಿದ್ದೇನೆ, ಇವತ್ತು ಇತಿಹಾಸ ಅಂತ ಬರೆದುಕೊಡಬೇಕೇ?’ ಎಂದರು ಹಿರಿಯರು. ನಿಯಮ ಸರಿಯೇ. ಈ ಊರಿನ ಗಾಳಿಯನ್ನು ದಿನವೂ ಉಸಿರಾಡುವವಳು ನಾನು. ಆದರೆ ಅವರ ಸಿಟ್ಟೂ ಸುಳ್ಳಲ್ಲ.

ನಾನಿರುವುದು ನಾಲ್ಕನೇ ಮಹಡಿ, ನಿಲ್ಲಿಸಲು ಜಾಗವಿಲ್ಲ, ಕೊಳ್ಳಲಿಲ್ಲ. ಗಾಡಿ ಇನ್ನೂ ಇದೆ. ಈ ಕಡೆ ಇರುವ ಕನ್ನಡಿಗರು ಯಾರಾದರೂ ಕೊಳ್ಳುವುದಾದರೆ ದಯವಿಟ್ಟು ಐತಿಹಾಸಿಕ ನೋಂದಣಿ ಮಾಡಿಸಿ ಓಡಿಸಿ. ಸವೆದ ಟ್ಯಾಂಕಿಗೆ ಹೊಸ ಬಣ್ಣ ಬಳಿಸಿ ಹಾಲಿನಲ್ಲಿ ನಿಲ್ಲಿಸುವ ಯೋಚನೆ ಇದ್ದರೆ ಹೋಗುವುದೇ ಬೇಡ, ಅವರು ಕೊಡುವುದಿಲ್ಲ.